ಮೂರು ಅಂಗುಲ ಕಡಿಮೆಯ ಅಡ್ಡಮರ

1961ರ ಅಕ್ಟೋಬರ್ 22, ಭಾನುವಾರ, ಸಂಜೆ ನಾಲ್ಕು ಗಂಟೆ. ಆಧಾರ: ಅದೇ ದಿನ ನಾನು ಬರೆದ ಡೈರಿ, ಪುಟದ ಕೆಳಗಿನ ಅರ್ಧ. ಆ ದಿನ, ಆ ಹೊತ್ತಿಗೆ ಸರಿಯಾಗಿ, ಹರಿಹರದ ಬಳಿ ತುಂಗಭದ್ರೆಯ ನಡುನೀರಿನಲ್ಲಿ ನನ್ನ ಕನ್ನಡಕ ಹೋಯಿತು.

ಹೋಯಿತು ಎಂದರೆ ಜಾರಿ ಬೀಳಲಿಲ್ಲ. ಯಾರೋ ಮೂಗಿನ ಮೇಲಿಂದ ಎತ್ತಿಕೊಂಡಂತೆ ಹೋಯಿತು. ಇನ್ನು ಮೂರು ಅಂಗುಲ ಈಚೆಗಾಗಿದ್ದರೆ ಕನ್ನಡಕದ ಜೊತೆಗೆ ಈ ಅಂಕಣವೂ ನಿಲ್ಲುತ್ತಿತ್ತು. (ಅದರಿಂದ ಸಂತೋಷಪಡಬಹುದಾದ ಓದುಗರು ಇದ್ದಾರೆಂದು ಬಲ್ಲೆ. ಅವರ ಪತ್ರಗಳನ್ನೂ ಜೋಪಾನವಾಗಿ ಇಟ್ಟಿದ್ದೇನೆ.)

ಮೂರು ಅಂಗುಲದ ಲೆಕ್ಕ ಎಲ್ಲಿಂದ ಬಂತು? ಅದನ್ನು ಹೇಳಲೆಂದೇ ಈ ವಾರದ ಬರಹ. ನಾನು ವೃತ್ತಿಯಿಂದ ಶಾಸನಗಳ ತಿಥಿ ವಾರಗಳನ್ನು ತಾಳೆ ನೋಡುತ್ತಿದ್ದವನು. ಕಲ್ಲಿನಲ್ಲಿ ಕೊರೆದ ತಿಥಿಗೂ ವಾರಕ್ಕೂ ಹೊಂದದಿದ್ದರೆ ರಾಜನ ಮಾತನ್ನೂ ನಂಬಬಾರದು ಎಂದು ಕಲಿತವನು. ರಿಟೈರ್ ಆಗಿ, ಹರಿಹರಕ್ಕೆ ನೆರೆಯ ನಮ್ಮೂರಿನ ಕೆ.ಬಿ. ಬಡಾವಣೆಯಲ್ಲಿ ನೆಲೆಸಿದ ಮೇಲೂ ಆ ರೋಗ ಬಿಟ್ಟಿಲ್ಲ. ಮದುವೆ ಕರೆಯೋಲೆ ಕೈಗೆ ಬಂದರೆ ಮೊದಲು ವಧೂವರರ ಹೆಸರನ್ನಲ್ಲ, ತಿಥಿಯನ್ನು ಓದುತ್ತೇನೆ.

ಆದ್ದರಿಂದಲೇ ನಮ್ಮ ಬೀದಿಯ ಮುರಿಗೆಪ್ಪನವರು ಆಗಸ್ಟಿನ ಒಂದು ಸಂಜೆ ನನ್ನನ್ನು ಹುಡುಕಿಕೊಂಡು ಬಂದರು.

ಮುರಿಗೆಪ್ಪನವರದು ಹತ್ತಿ ವ್ಯಾಪಾರ. ಐವತ್ತೈದರ ಗಟ್ಟಿ ಆಳು. ಹಣೆಯ ಮೇಲಿನ ವಿಭೂತಿ ಸಂಜೆಯವರೆಗೂ ಅಳಿಸದಷ್ಟು ನಿಧಾನದ ಮನುಷ್ಯ. ಅಂಥವರು ಅಂದು ಕೂತ ಕುರ್ಚಿಯಲ್ಲಿ ಕೂರಲಾರದೆ ಮೂರು ಸಲ ಎದ್ದರು.

“ರಾಯ್ರೇ, ದೋಣಿ ರಿಪೇರಿ ಮಾಡಿಸ್ಬೇಕು ಅಂತೀನಿ.”

“ಮಾಡಿಸಿ. ಅದಕ್ಕೆ ನಾನೇಕೆ?”

“ರಿಪೇರಿ ಮಾಡಾಕೆ ಬಡಿಗ್ಯಾರು ಅದಾರ್ರಿ. ನೀವು ನೋಡಾಕೆ ಬೇಕು. ನೋಡಿದ್ದನ್ನ ಬರ್ದಿಡಾಕೆ ಬೇಕು.”

ದೋಣಿಯ ವಿಚಾರ ನಮ್ಮ ಬೀದಿಗೆಲ್ಲ ಗೊತ್ತಿದ್ದದ್ದೇ. ಹೊಸ ಓದುಗರಿಗಾಗಿ ಹೇಳುತ್ತೇನೆ. ಅದು ಹಾಯಿದೋಣಿ. ಹಿಂದೆ ಯಾರೋ ಬಿಳಿಯ ದೊರೆ, ಇಂಜಿನಿಯರ್, ಹರಿಹರದಲ್ಲಿದ್ದಾಗ ಶೋಕಿಗೆಂದು ತರಿಸಿದ್ದು. ಆತ ಊರು ಬಿಡುವಾಗ ಮುರಿಗೆಪ್ಪನವರ ಅಣ್ಣ ಚನ್ನಬಸಪ್ಪನವರು ಅದನ್ನು ಕೊಂಡರು. ಮಳೆಗಾಲ ಇಳಿದು ಹೊಳೆ ಶಾಂತವಾಗಿ ತುಂಬಿರುವ ತಿಂಗಳುಗಳಲ್ಲಿ ಅಣ್ಣತಮ್ಮ ಇಬ್ಬರೂ ಭಾನುವಾರ ರೈಲು ಹತ್ತಿ ಹರಿಹರಕ್ಕೆ ಹೋಗಿ ಹಾಯಿ ಬಿಚ್ಚುತ್ತಿದ್ದರು. ಹತ್ತಿಯ ಧಾರಣೆ ಬಿಟ್ಟು ಬೇರೆ ಮಾತನಾಡುವುದಕ್ಕೆ ಅವರಿಗಿದ್ದ ಜಾಗ ಅದೊಂದೇ ಎಂದು ಜನ ನಗುತ್ತಿದ್ದರು.

ಹಾಯಿಯ ಕೆಳ ಅಂಚಿಗೆ ಉದ್ದಕ್ಕೆ ಒಂದು ಮರ ಕಟ್ಟಿರುತ್ತಾರೆ. ಒಂದು ತುದಿ ಹಾಯಿಕಂಬಕ್ಕೆ ಕಬ್ಬಿಣದ ಕೀಲಿನಿಂದ ಸೇರಿರುತ್ತದೆ, ಇನ್ನೊಂದು ತುದಿ ಕೂತವರ ಕಡೆಗೆ ಚಾಚಿರುತ್ತದೆ. ಗಾಳಿ ಬದಲಾದರೆ ಬಾಗಿಲು ತಿರುಗಿದಂತೆ ಈ ಬದಿಯಿಂದ ಆ ಬದಿಗೆ ತಿರುಗುತ್ತದೆ. ಮುರಿಗೆಪ್ಪನವರು ದೊರೆಯ ಮಾತಿನಂತೆ ಅದನ್ನು ‘ಬೂಮು’ ಎನ್ನುತ್ತಾರೆ. ನಾನು ಅಡ್ಡಮರ ಎನ್ನುತ್ತೇನೆ.

1956ರಲ್ಲಿ ಆ ಅಡ್ಡಮರ ತಿರುಗಿ ಚನ್ನಬಸಪ್ಪನವರ ಕಪಾಲಕ್ಕೆ ಬಡಿಯಿತು. ಅವರು ಎಡಕ್ಕೆ, ನೀರಿಗೆ ಬಿದ್ದರು. ಮೇಲೆ ಬಂದದ್ದು ಮಾರನೆಯ ದಿನ.

ಚುಕ್ಕಾಣಿ ಹಿಡಿದಿದ್ದವರು ಮುರಿಗೆಪ್ಪ.

“ಅದು ರಾಜ್ಯ ಒಂದಾದ್ ಮ್ಯಾಲೆ ಆತ್ರೀ, ಎರಡು ವಾರಕ್ಕ” ಎಂದರು ಅವರು ಅಂದು ನನ್ನೆದುರು. ಅಲ್ಲ. ನಾನು ಮರುದಿನವೇ ಪಂಚನಾಮೆಯ ನಕಲು ನೋಡಿದೆ. 1956ರ ಅಕ್ಟೋಬರ್ 21, ಭಾನುವಾರ. ರಾಜ್ಯ ಒಂದಾಗುವುದಕ್ಕೆ ಇನ್ನೂ ಹನ್ನೊಂದು ದಿನವಿತ್ತು. ಈಚೆ ದಡ ಮೈಸೂರು, ಆಚೆ ದಡ ಮುಂಬಯಿ. ಆ ಹೆಣ ಯಾವ ಸರ್ಕಾರದ ನೀರಿನಲ್ಲಿತ್ತು ಎಂಬುದಕ್ಕೇ ಅರ್ಧ ದಿನ ಚರ್ಚೆ ನಡೆದಿತ್ತು. ಸ್ವಂತ ಅಣ್ಣ ಸತ್ತ ದಿನವನ್ನೇ ಮನುಷ್ಯ ತಪ್ಪು ನೆನಪಿಟ್ಟುಕೊಂಡಿರುತ್ತಾನೆ. ನೆನಪನ್ನು ನಂಬಬೇಡಿ, ಬರೆದಿಟ್ಟದ್ದನ್ನು ನಂಬಿ ಎಂದು ನಾನು ಈ ಅಂಕಣದಲ್ಲಿ ಎಷ್ಟು ಸಲ ಹೇಳಿಲ್ಲ?

ಅದನ್ನೇ ಮುರಿಗೆಪ್ಪನವರು ನನಗೆ ತಿರುಗಿಸಿ ಹೇಳಿದರು.

“ನೀವೇ ಬರೀತೀರಲ್ಲ, ನೆನಪು ಸುಳ್ಳು ಹೇಳ್ತೈತೆ ಅಂತ. ನನ್ ನೆನಪು ಏನ್ ಹೇಳ್ತೈತೆ ಗೊತ್ತೇನ್ರಿ? ಗಾಳಿ ಬಿದ್ದಿತ್ತು. ಒಮ್ಮಿಂದೊಮ್ಮೆಗೆ ಪಡುವಲಿಂದ ಬೀಸ್ತು. ಬೂಮು ತಿರುಗ್ತು. ಹಿಂಗಂತ ಪೊಲೀಸ್ರಿಗೂ ಬರ್ಸಿದೆ. ಆದ್ರೆ ಕಣ್ ಮುಚ್ಚಿದ್ರೆ ನನ್ ಕೈ ಕಾಣ್ತೈತೆ. ಚುಕ್ಕಾಣಿ ಎಳ್ದಂಗೆ. ಎಳ್ದೆನೋ ಇಲ್ಲೋ ಗೊತ್ತಿಲ್ರಿ. ಐದು ವರ್ಷ ಆತು.”

ಮತ್ತೊಮ್ಮೆ ಕುರ್ಚಿಯಿಂದ ಎದ್ದು, “ಅತ್ತಿಗೆ ಒಂದಿನಾನೂ ಕೇಳಿಲ್ಲ” ಎಂದರು. “ದಿನಾ ರೊಟ್ಟಿ ಬಡಿಸ್ತಾರೆ. ಕೇಳಲ್ಲ.”

ತೀರಿಹೋದ ಅಣ್ಣನ ಹೆಂಡತಿ ಅದೇ ಮನೆಯಲ್ಲಿದ್ದಾರೆ. ಒಂದೇ ಅಡುಗೆಮನೆ. ಐದು ವರ್ಷ ಕೇಳದ ಒಂದು ಪ್ರಶ್ನೆ ಆ ಮನೆಯಲ್ಲಿ ಊಟಕ್ಕೆ ಕೂತಿರುತ್ತದೆ. ನಮ್ಮ ಮನೆಗಳಲ್ಲಿ ಇಂಥ ಒಂದು ಎಲೆ ಯಾರಿಗೂ ಕಾಣದಂತೆ ಹಾಕಿರುವುದಿಲ್ಲವೇ?

ಕೊಂದದ್ದು ಕಬ್ಬಿಣದ ಕೀಲೇ, ಗಾಳಿಯೇ, ತನ್ನ ಕೈಯೇ? ಅವರಿಗೆ ಬೇಕಾದದ್ದು ಇಷ್ಟೇ. ದೋಣಿಯನ್ನು ರಿಪೇರಿ ಮಾಡಿಸಿ, ದಸರೆ ಕಳೆದ ಭಾನುವಾರ ಅದೇ ಜಾಗಕ್ಕೆ ಹೋಗಿ, ತನ್ನ ಕೈ ಏನು ಮಾಡುತ್ತದೆಂದು ಒಬ್ಬ ಸಾಕ್ಷಿಯ ಎದುರು ನೋಡಬೇಕು.

ನಾನು ಒಪ್ಪಿದೆ. ನನಗೆ ಈಜು ಬರುವುದಿಲ್ಲ ಎಂಬುದು ಒಪ್ಪಿದ ಮೇಲೆ ನೆನಪಾಯಿತು. ನನ್ನಾಕೆಗೆ ಮಾತ್ರ ಕೂಡಲೇ ನೆನಪಾಯಿತು.

“ಶಾಸನ ಓದಿ ಓದಿ ಕಲ್ಲಾಗಿದೀರಿ. ನೀರಿಗೆ ಬಿದ್ರೆ ತೇಲ್ತೀರೇನ್ರೀ?”

ದೋಣಿ ಹರಿಹರದಲ್ಲಿ, ಹೊಳೆದಂಡೆಯ ತಗಡಿನ ಕೊಟ್ಟಿಗೆಯಲ್ಲಿ ಮಗುಚಿ ಬಿದ್ದಿತ್ತು. ಬೀಗ ತೆಗೆದಾಗ ಒಳಗಿನಿಂದ ಹಳೆಯ ಎಣ್ಣೆಯ ವಾಸನೆ ಬಂತು, ಅದರ ಹಿಂದೆ ತಣ್ಣನೆಯ ಗಾಳಿ. (ಮುಚ್ಚಿದ ಕೊಟ್ಟಿಗೆಯಿಂದ ತಂಪು ಬರುವುದು ಸಹಜ. ಆಗ ಹಾಗೆಂದೇ ಬರೆದುಕೊಂಡೆ.) ಅಡ್ಡಮರ ಗೋಡೆಯ ಗೂಟಗಳ ಮೇಲಿತ್ತು.

ಬಡಗಿ ಕಾಳಾಚಾರಿ ಕಡರನಾಯಕನಹಳ್ಳಿಯವರು. ಎಪ್ಪತ್ತು ದಾಟಿದೆ. ಗಾಡಿ, ಕೂರಿಗೆ, ಬಾಗಿಲುವಾಡಗಳನ್ನು ಮಾಡಿದ ಕೈ. ದೋಣಿಯ ಕೆಲಸ ಮಾಡಿದ್ದಿಲ್ಲ. ಆದರೂ ಬಂದವರೇ ಮರವನ್ನು ಮುಟ್ಟದೆ, ಅದರ ಉದ್ದಕ್ಕೂ ಮೂಗು ಚಾಚಿ ಮೂಸುತ್ತ ನಡೆದರು. ವೈದ್ಯರು ನಾಲಗೆ ನೋಡಿದಂತೆ.

“ಇದು ಒಳಗ ಸತ್ತೈತೆ ಸಾವ್ಕಾರ್ರೇ. ಮ್ಯಾಲೆ ಬಣ್ಣ ಐತೆ ಅಷ್ಟೆ.”

ಉಳಿಯ ಹಿಡಿಯಿಂದ ತಟ್ಟಿದರು. ಡಬ್ಬಿಯಂತೆ ಸದ್ದಾಯಿತು. ಕಬ್ಬಿಣದ ಪಟ್ಟಿಯ ಕೆಳಗೆ ನೀರು ನಿಂತು ಕೊಳೆತಿತ್ತು, ಮಧ್ಯದಲ್ಲಿ ಗೆದ್ದಲು. ತೇಗದ ಹೊಸ ಮರವೇ ಆಗಬೇಕು.

ಕೀಲನ್ನು ಬಿಚ್ಚುವಾಗ ಮುರಿಗೆಪ್ಪನವರು ಪಕ್ಕಕ್ಕೇ ಬಂದು ಬಗ್ಗಿ ನಿಂತಿದ್ದರು. ಕೀಲು ಮುರಿದಿದ್ದರೆ? ಒಂದು ಬಿರುಕಾದರೂ ಇದ್ದರೆ? ಕಾಳಾಚಾರಿ ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಸುತ್ತ ಸವರಿದರು.

“ಗಟ್ಟೈತೆ. ಪಿನ್ನು ಸವದೈತೆ, ಮುರ್ದಿಲ್ಲ. ಇದ್ರ ತಪ್ಪೇನೂ ಇಲ್ರಿ.”

ಮೂವರು ಆರೋಪಿಗಳಲ್ಲಿ ಒಬ್ಬ ಬಿಡುಗಡೆಯಾದ. ಉಳಿದವರು ಗಾಳಿ ಮತ್ತು ಮುರಿಗೆಪ್ಪ. ಅವರು ಕೀಲನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟರು.

ಆ ಕೀಲನ್ನೇ ಉಳಿಸಿಕೊಂಡು, ಅದಕ್ಕೆ ಹರಿಹರದ ಲೇತ್ ಅಂಗಡಿಯೊಂದರಲ್ಲಿ ಹೊಸ ಪಿನ್ನು ಮಾಡಿಸಿದೆವು. ಮರದ ಕೆಲಸವನ್ನು ನಾನು ನಾಲ್ಕು ಭಾನುವಾರ ಕೂತು ನೋಡಿದೆ. ಚೌಕದ ತೊಲೆಯ ಮೂಲೆಗಳನ್ನು ಕೆತ್ತಿ ಎಂಟು ಮುಖ, ಎಂಟನ್ನು ಹದಿನಾರು, ಆಮೇಲೆ ಹತ್ತರಿ ಹೊಡೆದು ದುಂಡು. ಮಧ್ಯ ತುಸು ದಪ್ಪ, ತುದಿಗಳು ಸಣ್ಣ. ಹೊಸ ಮರವನ್ನು ಹೀಗೆ ದುಂಡು ಮಾಡುವವನು ಹಳೆಯದನ್ನು ಮತ್ತೆ ಮತ್ತೆ ನೋಡಬೇಕಾಗುತ್ತದೆ. ಕಾಳಾಚಾರಿ ಮಾತ್ರ ಆ ಹಳೆಯದಕ್ಕೆ ಗೋಣಿ ಹೊದಿಸಿ, ಬೆನ್ನು ತಿರುಗಿಸಿ ಕೂತು ಕೆಲಸ ಮಾಡಿದರು.

ಜಗಳ ಬಂದದ್ದು ಉದ್ದದಲ್ಲಿ.

ಹಳೆಯ ಮರ ಸರಿಯಾಗಿ ಹತ್ತು ಅಡಿ. ಕಾಳಾಚಾರಿ ಅಡಿಯಲ್ಲಿ ಅಳೆಯುವುದಿಲ್ಲ, ಮುಕ್ಕಾಲು ಇಂಚಿನ ಅಂಗುಲದಲ್ಲಿ ಅಳೆಯುತ್ತಾರೆ. ನೂರ ಅರವತ್ತು ಅಂಗುಲ. ಅಳೆದು, ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಲೆಕ್ಕ ಹಾಕಿ, ಕಡ್ಡಿಯನ್ನು ಕೆಳಗಿಟ್ಟುಬಿಟ್ಟರು.

“ಈ ಅಳತೀಗೆ ನಾ ಮಾಡಲ್ರಿ.”

ನಮ್ಮ ಬಡಗಿಗಳ ‘ಆಯ’ದ ಲೆಕ್ಕ ಓದುಗರಿಗೆ ತಿಳಿದದ್ದೇ. ಮನೆ ಕಟ್ಟಿಸಿದವರಿಗಂತೂ ಚೆನ್ನಾಗಿ ತಿಳಿದಿರುತ್ತದೆ. ಉದ್ದವನ್ನು ಮೂರರಿಂದ ಗುಣಿಸಿ ಎಂಟರಿಂದ ಭಾಗಿಸಬೇಕು. ಶೇಷ ಬೆಸವಾಗಿದ್ದರೆ ಶುಭ. ಒಂದಕ್ಕೆ ಧ್ವಜ, ಮೂರಕ್ಕೆ ಸಿಂಹ, ಐದಕ್ಕೆ ವೃಷಭ, ಏಳಕ್ಕೆ ಗಜ. ಏನೂ ಉಳಿಯದಿದ್ದರೆ ಕಾಕ. ನೂರ ಅರವತ್ತು ಮೂರಲಿ ನಾನೂರ ಎಂಬತ್ತು. ಎಂಟರಿಂದ ಭಾಗಿಸಿ ನೋಡಿ. ಏನೂ ಉಳಿಯುವುದಿಲ್ಲ.

“ಕಾಗಿ ಆಯ. ಕಾಗಿ ಯಾರ ಮನೀಗೆ ಬರ್ತೈತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.”

ನಾನು ನಕ್ಕೆ. ಆಯ ಎಂಬುದು ಮನೆಯ ಬಾಗಿಲಿಗೆ, ದೇವರ ಕೋಣೆಗೆ. ದೊರೆಯ ದೋಣಿಗೆ ಯಾವ ಆಯ? ದೋಣಿ ಕಟ್ಟಿದ ಬಿಳಿಯನಿಗೆ ಕಾಗೆಯ ಲೆಕ್ಕ ಗೊತ್ತಿತ್ತೇ? ಇದನ್ನೆಲ್ಲ ಅವರಿಗೆ ವಿವರಿಸಿ ಹೇಳಿದೆ. (ಆಯದ ಬಗ್ಗೆ ಇದೇ ಅಂಕಣದಲ್ಲಿ ಹಿಂದೊಮ್ಮೆ ತಮಾಷೆ ಮಾಡಿದ್ದೇನೆ. ವಿದ್ಯಾನಗರದ ಓದುಗರೊಬ್ಬರು ಬೈದು ಬರೆದಿದ್ದರು. ಅವರು ಈ ವಾರ ನಗಬಹುದು.)

“ದೊರಿಗೆ ಗೊತ್ತಿದ್ದಿಲ್ಲ. ಅದಕ್ಕ ಏನಾತು ನೋಡಿದ್ರಲ್ಲ” ಎಂದರು ಕಾಳಾಚಾರಿ.

ಮುರಿಗೆಪ್ಪನವರ ವಾದ ಬೇರೆ. “ಆಚಾರ್ರೇ, ಹಳೇದರಷ್ಟೇ ಇರ್ಬೇಕು. ಒಂದು ಎಳಿ ಹೆಚ್ಚುಕಮ್ಮಿ ಬ್ಯಾಡ. ಅವತ್ತು ಹೆಂಗಿತ್ತೋ ಹಂಗೇ ಇರ್ಬೇಕು. ಇಲ್ಲಾಂದ್ರೆ ನಾ ನೋಡೋದೇನು?”

“ಅವತ್ತು ಹೆಂಗಾತೋ ಹಂಗೇ ಆಗ್ಬೇಕೇನ್ರಿ ನಿಮಗೆ?”

ಮುರಿಗೆಪ್ಪನವರು ಕೊಟ್ಟಿಗೆಯಿಂದ ಹೊರಗೆ ಹೋದರು. ಕಾಳಾಚಾರಿ ಕೆಲಸ ಮುಂದುವರಿಸಿದರು. ಮುಗಿದ ಮರವನ್ನು ನಾನೇ ಟೇಪು ಹಿಡಿದು ಅಳೆದೆ. ನೂರ ಐವತ್ತೇಳು ಅಂಗುಲ. ಮೂರಲಿ ನಾನೂರ ಎಪ್ಪತ್ತೊಂದು, ಶೇಷ ಏಳು, ಗಜ. ಮೂರು ಅಂಗುಲ ಕಡಿಮೆ ಮಾಡಿಬಿಟ್ಟಿದ್ದರು. ಮೂರು ಅಂಗುಲ ಹೆಚ್ಚಿಸಿದ್ದರೂ ಧ್ವಜಾಯ ಬರುತ್ತಿತ್ತಲ್ಲ, ಹಾಯಿಗಾದರೂ ಸರಿಹೊಂದುತ್ತಿತ್ತು ಎಂದೆ.

“ಜೀವ ತಗಂಡ ಅಳತೀನ ಬೆಳಸಬಾರ್ದು ರಾಯ್ರೇ. ಇಳಸಬೇಕು. ನೀವು ಶಾಸನ ಓದೋರು, ನಾವು ಮರ ಓದೋರು. ನಿಮ್ಮ ಕಲ್ಲಿಗೆ ನಾ ಬಾಯಿ ಹಾಕಿಲ್ಲ.”

ಮುರಿಗೆಪ್ಪನವರು ಒಂದು ದಿನ ಮಾತು ಬಿಟ್ಟರು. ಎರಡನೆಯ ದಿನ ಒಪ್ಪಿದರು. ಆಯುಧಪೂಜೆಯ ದಿನ ಕಾಳಾಚಾರಿ ತಮ್ಮ ಉಳಿ ಬಾಚಿಗಳ ಸಾಲಿನಲ್ಲಿ ಆ ಮರವನ್ನೂ ಇಟ್ಟು ಕುಂಕುಮ ಹಚ್ಚಿದರು.

ಮರುದಿನ ಕೊಟ್ಟಿಗೆಯೊಳಗೆ ದೋಣಿಯನ್ನು ನೆಟ್ಟಗೆ ನಿಲ್ಲಿಸಿ, ಕಂಬ ಏರಿಸಿ, ಹೊಸ ಅಡ್ಡಮರವನ್ನು ಹಳೆಯ ಕೀಲಿಗೆ ತೂಗುಬಿಟ್ಟರು. ಹಾಯಿ ಕಟ್ಟಿರಲಿಲ್ಲ. ಬಾಗಿಲು ಮುಚ್ಚಿತ್ತು. ಮರ ಮೆಲ್ಲಗೆ ಎಡಕ್ಕೆ ತಿರುಗಿ ನಿಂತಿತು.

ಕಾಳಾಚಾರಿ ಅದನ್ನು ನಡುವಿಗೆ ತಂದು ಬಿಟ್ಟರು. ಮತ್ತೆ ಎಡಕ್ಕೆ. ಬಲತುದಿಗೆ ಎಳೆದು ಬಿಟ್ಟರು. ನಿಧಾನವಾಗಿ, ಕೀಲು ಒಮ್ಮೆ ಕಿರ್ ಎಂದು, ಇಡೀ ಕೊಟ್ಟಿಗೆಯನ್ನು ದಾಟಿ ಎಡಕ್ಕೆ.

“ದೋಣಿ ಆ ಕಡೆ ವಾಲಿದೆ” ಎಂದೆ.

ಅವರು ತೂಕದ ಗುಂಡು ಕಟ್ಟಿದ ದಾರ ಇಳಿಬಿಟ್ಟು ನೋಡಿದರು. ಕಂಬದ ನಾಲ್ಕೂ ಕಡೆ. ದಾರ ಕಂಬಕ್ಕೆ ಸಮನಾಗಿ ನಿಂತಿತು.

“ನೆಟ್ಟಗೈತೆ. ಯಾಕ ಹೋಗ್ತೈತೆ ನನಗೊತ್ತಿಲ್ಲ” ಎಂದವರು ದಾರ ಸುತ್ತಿ ಚೀಲಕ್ಕೆ ಹಾಕಿದರು. “ಅಣ್ಣಾರು ಬಿದ್ದಿದ್ದು ಯಾವ ಕಡೀಗ್ರಿ ಸಾವ್ಕಾರ್ರೇ?”

ಮುರಿಗೆಪ್ಪನವರು ಮರದ ತುದಿಯತ್ತ ನೋಡಿದರು. ಹೇಳುವ ಅಗತ್ಯವಿರಲಿಲ್ಲ.

ಇನ್ನು ಅಕ್ಟೋಬರ್ 22. ಪ್ಲವ ಸಂವತ್ಸರದ ಆಶ್ವಯುಜ ಶುದ್ಧ ಪಕ್ಷ. (ಪ್ಲವ ಎಂದರೆ ದೋಣಿ. ಅದರಲ್ಲಿ ವಿಶೇಷ ಹುಡುಕಬೇಡಿ. ಆ ಹೆಸರಿನ ವರ್ಷ ಅರವತ್ತಕ್ಕೊಮ್ಮೆ ಬರಲೇಬೇಕು.) ಮೂರು ಗಂಟೆಗೆ ದಡ ಬಿಟ್ಟೆವು. ನಾನು ಮತ್ತು ಮುರಿಗೆಪ್ಪ, ಇಬ್ಬರೇ. ಕಾಳಾಚಾರಿ ದಡದಲ್ಲೇ ಉಳಿದರು. ಸಣ್ಣ ಗಾಳಿಯಿತ್ತು. ಹಾಯಿ ತುಂಬಿತು, ಅಡ್ಡಮರ ಬಲಕ್ಕೆ ಚಾಚಿ ನಿಂತಿತು. ಚುಕ್ಕಾಣಿಯ ಮುಂದಿನ ಹಲಗೆಯ ಮೇಲೆ ನನ್ನನ್ನು ಕೂರಿಸಿದರು.

“ಅಣ್ಣ ಕೂಡ್ತಿದ್ದ ಜಾಗ” ಎಂದರು. ಮೊದಲೇ ಹೇಳಿದ್ದರೆ ನಾನು ಬೇರೆಡೆ ಕೂರುತ್ತಿದ್ದೆನೇ? ಪ್ರಾಮಾಣಿಕವಾಗಿ ಹೇಳುತ್ತೇನೆ: ಹೌದು.

ರೈಲು ಸೇತುವೆಗೂ ಕಲ್ಲಿನ ಸೇತುವೆಗೂ ನಡುವಿನ ನೀರಿಗೆ ಬಂದಾಗ ಗಾಳಿ ಬಿದ್ದುಹೋಯಿತು. ಹಾಯಿ ಒಗೆದ ಸೀರೆಯಂತೆ ಜೋತುಬಿದ್ದಿತು. ಹೊಳೆ ಸದ್ದಿಲ್ಲದೆ ನಿಂತಿತು. ನೀರಿನಲ್ಲಿ ನಮ್ಮ ದೋಣಿ ತಲೆಕೆಳಗಾಗಿ ಸ್ಪಷ್ಟವಾಗಿ ಕಾಣುತ್ತಿತ್ತು, ಕಂಬ, ಹಗ್ಗ, ಅಡ್ಡಮರದ ತುದಿಯ ಕುಂಕುಮ ಸಹಿತ. ದಡದಲ್ಲಿ ಬಟ್ಟೆ ಒಗೆಯುವವರ ಮಾತು ಕೇಳುತ್ತಿದ್ದದ್ದೂ ನಿಂತಿತು.

“ಇಲ್ಲೇ” ಎಂದರು ಮುರಿಗೆಪ್ಪ.

ನಾನು ಡೈರಿ ತೆರೆದೆ.

“ರಾಯ್ರೇ, ನೋಡ್ರಿ. ಚುಕ್ಕಾಣಿ ಬಿಟ್ಟೆ. ಎರಡೂ ಕೈ ಮಂಡಿ ಮ್ಯಾಲಿಟ್ಟೆ. ಬರ್ಕೊಳ್ರಿ.”

ನಾನು ಹಿಂತಿರುಗಿ ನೋಡಿದೆ. ಎರಡೂ ಕೈ ಮಂಡಿಯ ಮೇಲೆ. ಆ ಹೊತ್ತಿಗೆ ನಾಲ್ಕರ ಪ್ಯಾಸೆಂಜರ್ ರೈಲು ಸೇತುವೆಯ ಮೇಲೆ ಹಾದುಹೋಯಿತು. ಅದರ ಸದ್ದು ಅಡಗುತ್ತಿದ್ದಂತೆ ನನ್ನ ಹಿಂದೆ ಕೀಲು ಕಿರ್ ಎಂದಿತು.

ಮುಖವನ್ನು ಮತ್ತೆ ಕಂಬದ ಕಡೆಗೆ ತಿರುಗಿಸಿದೆ. ಪಡುವಲಿಂದ ಗಾಳಿ ಬಂತು. ಬಲಗೆನ್ನೆಗೆ ತಣ್ಣಗೆ ತಗುಲಿತು, ತೊಯ್ದ ಅಂಗೈ ಇಟ್ಟಂತೆ. ತೊಡೆಯ ಮೇಲಿನ ಡೈರಿಯ ಹಾಳೆಗಳು ಪಟಪಟನೆ ಮಗುಚಿದವು. ಏನೋ ಉದ್ದನೆಯದು ಕಣ್ಣ ಮುಂದೆ ಬಲದಿಂದ ಎಡಕ್ಕೆ ಸರಿಯಿತು. ಕನ್ನಡಕವಿರಲಿಲ್ಲ. ಮೂಗಿನ ಮೇಲೆ ಅದು ಕೂರುತ್ತಿದ್ದ ಜಾಗದಲ್ಲಿ ಒಂದು ಗೀರು ಮಾತ್ರ.

ಮುಗಿಯಿತು. ಮತ್ತೆ ನಿಶ್ಶಬ್ದ. ಅಡ್ಡಮರ ಎಡಕ್ಕೆ ಚಾಚಿ ನಿಂತಿತ್ತು.

ಮೊದಲು ನಾನು ನೋಡಿದ್ದು ಮುರಿಗೆಪ್ಪನವರ ಕೈಗಳನ್ನು. ಕನ್ನಡಕವಿಲ್ಲದಿದ್ದರೆ ನನಗೆ ದೂರದ್ದು ಕಾಣದು, ಎರಡು ಮೊಳದೊಳಗಿನದು ಚೆನ್ನಾಗಿ ಕಾಣುತ್ತದೆ. ಕೈಗಳು ಮಂಡಿಯ ಮೇಲೇ ಇದ್ದವು. ಇದನ್ನು ನಾನು ಯಾವ ನ್ಯಾಯಾಲಯದಲ್ಲಾದರೂ ಹೇಳಬಲ್ಲೆ.

“ಗಾಳಿ” ಎಂದೆ. “ನಿಮ್ಮ ಕೈಯಲ್ಲ. ಗಾಳಿ.”

ಅವರು ಅಳುತ್ತಿದ್ದರು.

ಹುಟ್ಟು ಹಾಕಿಕೊಂಡು ದಡ ಸೇರಿದಾಗ ಕಾಳಾಚಾರಿ ನನ್ನ ಮುಖವನ್ನು ನೋಡಿ, ಮೂಗಿನ ಮೇಲಿನ ಗೀರನ್ನು ನೋಡಿ, ಮರದ ತುದಿಯನ್ನು ನೋಡಿದರು.

“ಮೂರಂಗುಲ” ಎಂದರು. “ಇನ್ನೊಂದ್ಸಲ ನಗ್ರಿ ನೋಡಾಣ.”

ನಗಲಿಲ್ಲ. ಹಳೆಯ ಅಳತೆಯ ಮರವಾಗಿದ್ದರೆ ಅದರ ತುದಿ ಎಲ್ಲಿ ಹಾದುಹೋಗುತ್ತಿತ್ತೆಂದು ಮನೆಗೆ ಬಂದು ಕನ್ನಡಿಯ ಮುಂದೆ ಟೇಪು ಹಿಡಿದು ನೋಡಿಕೊಂಡೆ. ನೋಡಬಾರದಿತ್ತು.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಮುರಿಗೆಪ್ಪನವರಿಗೂ ನನ್ನ ಮಾತೇ ಸಾಕಾಗಬೇಕಿತ್ತು. ಸಾಕಾಗಲಿಲ್ಲ, ಅದಕ್ಕೆ ಕಾರಣ ನಾನೇ. “ಇವತ್ತಿಂದು ನೀವು ನೋಡಿದ್ರಿ.  ಅವತ್ತಿಂದು? ಅವತ್ತೂ ಗಾಳಿ ಬೀಸ್ತು ಅಂತ ಎಲ್ಲಾದ್ರೂ ಬರ್ದಿದ್ರೆ ಹೇಳ್ರಿ. ಅತ್ತಿಗೀಗೆ ತೋರಿಸ್ತೀನಿ” ಎಂದರು. ನನ್ನ ಓದುಗರಲ್ಲವೇ!

ಹಾಗೆ ಬರೆದಿಡುವ ಒಬ್ಬರಿದ್ದರು. ಕಲ್ಲಿನ ಸೇತುವೆಯ ಬಳಿ ಹೊಳೆಯ ಮಟ್ಟವನ್ನು ದಿನಕ್ಕೆ ಮೂರು ಸಲ ನೋಡಿ ಬರೆಯುವ ಗೇಜ್ ರೀಡರ್ ಇಮಾಮ್ ಸಾಬರು. ಮಟ್ಟದ ಕೋಲಿನ ಪಕ್ಕದಲ್ಲಿ ಬಿದಿರಿಗೆ ಒಂದು ಬಟ್ಟೆಯ ಪಟ್ಟಿ ಕಟ್ಟಿದ್ದಾರೆ. ಅದು ಆಡುವುದನ್ನು ನೋಡಿ ಗಾಳಿಯನ್ನೂ ಬರೆಯುತ್ತಾರೆ. ಬೆಳಗ್ಗೆ ಎಂಟು, ಮಧ್ಯಾಹ್ನ ಹನ್ನೆರಡು, ಸಂಜೆ ನಾಲ್ಕು. ತಮ್ಮ ಮಗಳ ಮದುವೆಯ ದಿನವೂ ತಪ್ಪಿಸಿಲ್ಲ ಎಂದು ಹರಿಹರದಲ್ಲಿ ಹೇಳುತ್ತಾರೆ. ಹೊಸ ಕನ್ನಡಕ ಬಂದ ದಿನವೇ ಅವರ ಬಳಿ ಹೋದೆ.

1956ರ ರಿಜಿಸ್ಟರನ್ನು ಅವರು ಧೂಳು ಹೊಡೆದು ಬಿಚ್ಚಿದರು. ಅಕ್ಟೋಬರ್ 21, ಸಂಜೆ 4. ಮಟ್ಟದ ಅಂಕಿಯ ಮುಂದೆ, ಗುಂಡಗಿನ ಕನ್ನಡದಲ್ಲಿ: “ಗಾಳಿ ಇಲ್ಲ. ಪಟ್ಟಿ ಅಲುಗಿಲ್ಲ. ದೋಣಿಯಿಂದ ಒಬ್ಬರು ನೀರಿಗೆ.”

ಎರಡು ಸಲ ಓದಿದೆ. ಈ ವರ್ಷದ ಪುಸ್ತಕ ಕೇಳಿದೆ. ಅಕ್ಟೋಬರ್ 22, ಸಂಜೆ 4: “ರೈಲು ದಾಟಿತು. ಗಾಳಿ ಇಲ್ಲ. ಪಟ್ಟಿ ಅಲುಗಿಲ್ಲ.”

“ಸಾಬರೇ, ಕ್ಷಣ ಹೊತ್ತು ಬೀಸಿರಬಹುದು. ನೀವು ಬೇರೆ ಕಡೆ ನೋಡಿರಬಹುದು.”

“ಬೇರೆ ಕಡೆ ಹೆಂಗ್ ನೋಡ್ಲಿ ರಾಯ್ರೇ? ಆ ದೋಣಿ ಐದು ವರ್ಷದ್ ಮ್ಯಾಲೆ ನೀರಿಗಿಳಿದೈತೆ ಅಂತ ಅದ್ನೇ ನೋಡ್ತಾ ನಿಂತಿದ್ದೆ. ಹಾಯಿ ಬಟ್ಟಿ ಸುಮ್ನೆ ಜೋತುಬಿದ್ದಿತ್ತು. ನೀರಾಗ ಒಂದು ಗೆರಿ ಇಲ್ಲ. ಮರ ಒಂದೇ ತಿರುಗ್ತು.”

“ಅವತ್ತು?”

“ಅವತ್ತೂ ಹಂಗೇರಿ.”

“ಯಾರಿಗೂ ಹೇಳಲಿಲ್ಲವೇ?”

“ಯಾರೂ ಕೇಳ್ಲಿಲ್ಲ. ಬರಿಯೋದು ನನ್ ಕೆಲಸ. ಬರ್ದೆ.” ಅವರು ರಿಜಿಸ್ಟರನ್ನು ಮುಚ್ಚಿ ದಾರ ಕಟ್ಟಿದರು. “ನೀವು ಚಾ ಕುಡೀರಿ. ಮುಖ ಬೆಳ್ಳಗಾಗೈತೆ.”

ಅಂದು ಸಂಜೆಯೇ ಮುರಿಗೆಪ್ಪನವರ ಮನೆಗೆ ಹೋದೆ. ಮುಚ್ಚಿಡುವುದು ನನಗೆ ಬಾರದ ವಿದ್ಯೆ. ಅವರ ಅತ್ತಿಗೆ ಮಂಡಕ್ಕಿಯ ತಟ್ಟೆ ತಂದಿಟ್ಟು, ಎಂದಿನಂತೆ ಒಳಗೆ ಹೋಗದೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ನಾನು ನಕಲು ಮಾಡಿಕೊಂಡಿದ್ದ ಎರಡೂ ಸಾಲುಗಳನ್ನು ಓದಿದೆ.

“ಗಾಳಿ ಇರ್ಲಿಲ್ಲ” ಎಂದರು ಮುರಿಗೆಪ್ಪ. “ಹಂಗಾದ್ರೆ ಉಳಿದಿದ್ದು ನನ್ ಕೈ.”

“ಅಲ್ಲ, ಕೇಳಿ. ಚುಕ್ಕಾಣಿ ತಿರುಗಿಸಿದರೆ ದೋಣಿ ತಿರುಗುತ್ತದೆ. ಮರವನ್ನು ತಿರುಗಿಸುವುದು ಹಾಯಿಗೆ ತಗುಲುವ ಗಾಳಿ. ಗಾಳಿಯೇ ಇಲ್ಲದಾಗ ನೀವು ಚುಕ್ಕಾಣಿಯನ್ನು ಎಷ್ಟು ಎಳೆದಿದ್ದರೂ ಮರ ಹಾಗೆ ಬಡಿಯುತ್ತಿರಲಿಲ್ಲ. ಅಂದು ನಿಮ್ಮ ಕೈ ಏನು ಮಾಡಿದ್ದರೂ ಅಣ್ಣನನ್ನು ಕೊಂದದ್ದು ಅದಲ್ಲ. ಈ ಪುಸ್ತಕವೇ ಅದಕ್ಕೆ ಸಾಕ್ಷಿ.”

ಆಗ ಬಾಗಿಲ ಬಳಿಯಿಂದ ಮಾತು ಬಂತು. ಆ ಮನೆಗೆ ನಾನು ಎಷ್ಟೋ ವರ್ಷಗಳಿಂದ ಹೋಗುತ್ತಿದ್ದರೂ ಆಕೆಯ ಧ್ವನಿಯನ್ನು ಅಷ್ಟು ಸ್ಪಷ್ಟವಾಗಿ ಕೇಳಿರಲಿಲ್ಲ.

“ನಾ ಯಾವತ್ತಾದ್ರೂ ನಿನ್ ಕೈ ಅಂದಿದ್ನೇನಪ್ಪ ಮುರಿಗೆಪ್ಪ? ನೀನೇ ಅಂದ್ಕೊಂಡಿ. ನಾ ಕೇಳಿದ್ರೆ ನಿನಗ ನೋವಾದೀತು ಅಂತ ಸುಮ್ಕಿದ್ದೆ. ನೀನು ತಟ್ಟಿ ಮ್ಯಾಲಿಂದ ಕಣ್ಣೆತ್ತಲಿಲ್ಲ.”

ಐದು ವರ್ಷ. ಒಬ್ಬರು ಕೇಳಲಿಲ್ಲ ಎಂದು ಇವರು ಬೆಂದರು. ಇವರು ಕಣ್ಣೆತ್ತಲಿಲ್ಲ ಎಂದು ಅವರು ಬಾಯಿ ಕಟ್ಟಿಕೊಂಡರು. ಒಂದು ರಿಜಿಸ್ಟರಿನ ಎರಡು ಸಾಲು ಆ ಅಡುಗೆಮನೆಯ ಬಾಯಿ ಬಿಡಿಸಬೇಕಾಯಿತು. ನಾವು ದಿನಾಂಕಗಳನ್ನು ಇಷ್ಟು ಜತನವಾಗಿ ಕೇಳಿ ತಿಳಿದುಕೊಳ್ಳುತ್ತೇವೆ, ಪಕ್ಕದ ತಟ್ಟೆಯಲ್ಲಿ ಉಣ್ಣುವವರನ್ನು ಏಕೆ ಕೇಳುವುದಿಲ್ಲ?

ಮುರಿಗೆಪ್ಪನವರು ತಲೆ ಎತ್ತಿ, “ಕೈ ಅಲ್ಲ, ಕೀಲಲ್ಲ, ಗಾಳಿ ಅಲ್ಲ. ಹಂಗಾರೆ ಯಾರು ರಾಯ್ರೇ?” ಎಂದರು. ನಾನು ನಕಲಿನ ಕಾಗದವನ್ನು ಮಡಿಚಿ ಜೇಬಿಗೆ ಹಾಕಿಕೊಂಡೆ. ದೋಣಿಯನ್ನು ಮತ್ತೆ ಮಗುಚಿ ಹಾಕಿದ್ದಾರೆ. ಹಳೆಯ ಮರವನ್ನು ಒಲೆಗೆ ಹಾಕಬಾರದೆಂದು ಹೇಳಿ ಕಾಳಾಚಾರಿ ಗೋಣಿ ಸಮೇತ ಹೊಳೆಗೆ ಬಿಟ್ಟರಂತೆ. ಅದು ಎಡದಂಡೆಯನ್ನು ಹಿಡಿದು ಹೋಯಿತೆಂದು ಹೇಳಿದರು. ನಾನು ಬರೆದುಕೊಳ್ಳಲಿಲ್ಲ.

ಈಗ ನನ್ನ ಕೆಲಸ ಒಂದು ಉಳಿದಿದೆ. ಎರಡು ದಾಖಲೆಗಳಿವೆ. ಒಂದು ನನ್ನ ಡೈರಿ: “ಸಂಜೆ 4. ಪಡುವಲಿಂದ ಗಾಳಿ ಬೀಸಿ ಅಡ್ಡಮರ ತಿರುಗಿತು.” ಅದು ಘಟನೆ ನಡೆದ ಐದು ಗಂಟೆಗಳ ಮೇಲೆ, ಹೆದರಿದವನು ಬರೆದದ್ದು. ಇನ್ನೊಂದು ಇಮಾಮ್ ಸಾಬರ ರಿಜಿಸ್ಟರು: “ಗಾಳಿ ಇಲ್ಲ.” ಅದು ಆ ಕ್ಷಣದಲ್ಲಿ, ಅಲ್ಲಿಯೇ, ಯಾವ ಪಕ್ಷಕ್ಕೂ ಸೇರದವನು ಬರೆದದ್ದು. ಇಂಥಲ್ಲಿ ಯಾವುದನ್ನು ಒಪ್ಪಬೇಕೆಂದು ನಾನೇ ನೂರಾರು ಪುಟ ಬರೆದಿದ್ದೇನೆ. ನನ್ನ ನಿಯಮದಂತೆ ನನ್ನ ಡೈರಿ ಸೋಲುತ್ತದೆ. ಒಪ್ಪಿದೆ. ಅಂದು ಹರಿಹರದಲ್ಲಿ ಗಾಳಿ ಬೀಸಲಿಲ್ಲ.

ಹಾಗಾದರೆ ನನ್ನ ಬಲಗೆನ್ನೆಯನ್ನು ಮುಟ್ಟಿದ್ದು ಏನು?